ಮೋನಾಚಾರಿಯ ಮೂತಿ ಗಾಡಿ

ಬಲು ಹಿಂದಿನ ಮಾತು. ಎಷ್ಟು ಹಿಂದೆ ಅಂತ ಕೇಳಬೇಡಿ, ವರ್ಷ ಎಣಿಸಿಟ್ಟೋರು ಯಾರೂ ಉಳಿದಿಲ್ಲ. ನಮ್ಮಜ್ಜಿ ಸಾಕಮ್ಮ ಹೊಸ ಸೊಸೆಯಾಗಿ ಈ ಊರಿಗೆ ಬಲಗಾಲಿಟ್ಟ ಕಾಲ ಅಂತ ಇಟ್ಕೊಳ್ಳಿ. ನಮ್ಮ ಈ ಕರೇಕಲ್ಲಳ್ಳೀಲಿ ಮೋನಾಚಾರಿ ಅಂತ ಒಬ್ಬ ಕಮ್ಮಾರ ಇದ್ದ. ಅವನು ತಟ್ಟಿದ ಕುಡುಗೋಲನ್ನ ಮೊಮ್ಮಕ್ಕಳ ಕಾಲಕ್ಕೂ ಮಸೆಯೋದು ಬೇಡ ಅಂತಿದ್ರಂತೆ. ಅವನು ಮಾಡಿದ ನೇಗಿಲಗುಳ ಬಂಡೆಗೆ ತಾಗಿದ್ರೆ, ಗುಳ ಅಲ್ಲ, ಬಂಡೆನೇ ‘ಅಯ್ಯೋ’ ಅಂತಿತ್ತಂತೆ. ಹಂಗಂತಾರಪ್ಪ. ನಾನೇನು ನೋಡಿದ್ದೀನಾ?

ಅಂಥವನ ಕೈಯಲ್ಲೂ ಒಂದು ದಿನ ತಪ್ಪಾಯ್ತು. ಗಾಡಿಯ ಚಕ್ರ ಕಳಚಿ ಬೀಳದಂಗೆ ಅಚ್ಚಿನ ತುದಿಗೆ ಒಂದು ಕಬ್ಬಿಣದ ಕೀಲು ಹಾಕ್ತಾರಲ್ಲ, ಕಡಾಣಿ ಅಂತ, ಊರಿನ ಗಾಡಿಗೆಲ್ಲ ಅದನ್ನ ಹೊಡೆದುಕೊಟ್ಟವನು ಅವನೇ. ತನ್ನ ಗಾಡಿಗೆ ಮಾತ್ರ, ಹೊತ್ತಾಯ್ತು ಹೊತ್ತಾಯ್ತು ಅಂತ, ಅರೆಬರೆ ಕಾದ ಕಬ್ಬಿಣಾನೇ ಬಡಿದು ಸಿಗಿಸಿಬಿಟ್ಟ. ಹೆಂಡತಿ ಮಂಚಮ್ಮನ್ನ ಗೌರಿಹಬ್ಬಕ್ಕೆ ತವರಿಗೆ ಕರ್ಕೊಂಡು ಹೊರಟಿದ್ದ. ಬಂಡೆ ಇಳಿಜಾರಿನಲ್ಲಿ ಆ ಕಡಾಣಿ ಪಟ್ ಅಂತ ಮುರೀತು. ಚಕ್ರ ಒಂದು ಕಡೆ, ಗಾಡಿ ಒಂದು ಕಡೆ, ಮಂಚಮ್ಮ ಒಂದು ಕಡೆ. ಜೀವ ಉಳೀತು, ಬೆನ್ನು ಉಳೀಲಿಲ್ಲ.

ಅವತ್ತಿಂದ ಆಕೆ ಜಗಲಿ ಮೇಲಿನ ಹಗ್ಗದ ಮಂಚದಲ್ಲೇ. ಒಂದ್ಸಲ ಹುಲ್ಲು ಹಾಸಿ ಬೇರೆ ಗಾಡೀಲಿ ಮಲಗಿಸಿ ಹೊರಡಿಸಿದ್ರು. ಊರಬಾಗಿಲು ದಾಟೋದ್ರೊಳಗೆ ಕುಲುಕಾಟಕ್ಕೆ ಎಚ್ಚರ ತಪ್ಪಿದ್ಲು, ವಾಪಸ್ ತಂದ್ರು. ತವರು ದೂರ ಏನಲ್ಲ, ತೊರೆಮಾವಿನಳ್ಳಿ, ಎರಡು ಹರಿದಾರಿ. ಅಲ್ಲಿ ಆಕೆಯ ತಾಯಿ, ಹಣ್ಣು ಹಣ್ಣು ಮುದುಕಿ, ಎರಡು ಕಣ್ಣೂ ಇಲ್ಲ. ಈ ಕಡೆ ಬರೋ ಬಳೆಗಾರ, ಕುರಿಯೋನು, ಯಾರ ಕೈಲಾದ್ರೂ ಒಂದೇ ಮಾತು ಹೇಳಿ ಕಳಿಸೋಳು: ಮಂಚಿ ಮುಖ ಒಂದ್ಸಲ ಸವರಿಬಿಟ್ಟು ಕಣ್ಮುಚ್ಚತೀನಿ.

ಮಂಚದ ಸಮೇತ ಹೊತ್ಕೊಂಡು ಹೋಗ್ತೀವಿ ಅಂತ ನಾಲ್ಕು ಜನ ಬಂದ್ರಂತೆ. ಮಂಚಮ್ಮ ಸುತರಾಂ ಒಪ್ಪಲಿಲ್ಲ. “ನಾಲ್ಕು ಜನ ಹೊರೋದು ಒಂದೇ ಸಲ. ಅದಕ್ಕಿನ್ನೂ ಹೊತ್ತು ಬಂದಿಲ್ಲ. ಹೆತ್ತೋಳ ಹೊಸ್ತಿಲಿಗೆ ನಾನು ಹೆಣದಂಗೆ ಹೋಗಾಕಿಲ್ಲ” ಅಂದ್ಲಂತೆ.

ಗಂಡನ್ನ ಮಾತ್ರ ಒಂದು ದಿನಾನೂ ಬೈಲಿಲ್ಲ. ಬೈದಿದ್ರೆ ಅವನಿಗೆ ನಿದ್ದೆನಾದ್ರೂ ಬರ್ತಿತ್ತು. ಮುರಿದ ಕಡಾಣೀನ ಅವನು ಸೊಂಟದ ಉಡಿದಾರಕ್ಕೆ ಕಟ್ಕೊಂಡಿದ್ದ. ನಡೆದಾಗ ಅದು ತೊಡೆಗೆ ಬಡೀತಿತ್ತು. ಬಡೀಲಿ ಅಂತಲೇ ಕಟ್ಕೊಂಡಿದ್ದು.

ಆಗ ಗುಡ್ಡದ ಮೇಲಿನ ಗಣಿ ಮುಚ್ಚಿ ಬಹಳ ದಿನ ಆಗಿತ್ತು. ಗಣಿಯೋರದ್ದು ಒಂದು ಹಳೇ ಗಾಡಿ, ಮುಂದೆ ಹಂದಿ ಮೂತಿಯಂಗೆ ಉದ್ದಕ್ಕೆ ಚಾಚಿಕೊಂಡದ್ದು, ಹಿಂದೆ ತೆರೆದ ತೊಟ್ಟಿ. ಈಗ ನೀವು ಪಿಕಪ್ಪು ಅಂತೀರಲ್ಲ, ಅದು. ಊರೋರು ಮೂತಿ ಗಾಡಿ ಅಂತಿದ್ರು. ಅದನ್ನ ಓಡಿಸ್ತಿದ್ದ ಬುಡೇನ್ ಸಾಬರಿಗೇ ಗಣಿಯೋರು ಬಿಟ್ಟು ಹೋಗಿದ್ರು. ಒಳಗೆ ಸಾಬರ ಕೋಳಿ ಕಾವು ಕೂತಿದ್ವು, ಎಂಜಿನ್ನಲ್ಲಿ ಕಣಜ ಮಣ್ಣುಗೂಡು ಕಟ್ಟಿತ್ತು. ಮೋನಾಚಾರಿ ಹೋಗಿ ಕೇಳಿದ. ಸಾಬರು ಅವನ ಮುಖ ನೋಡಿದ್ರು, ಸೊಂಟದ ಕಡಾಣಿ ನೋಡಿದ್ರು, “ತಗೊಂಡೋಗು ಆಚಾರಿ, ಕೋಳಿಗೆ ಬೇರೆ ಗೂಡು ಮಾಡ್ತೀನಿ” ಅಂದ್ರಂತೆ.

ಎರಡು ಜೊತೆ ಎತ್ತು ಕಟ್ಟಿ ಎಳೆತಂದು ಮನೆ ಮುಂದಿನ ಹೊಂಗೆಮರದ ಕೆಳಗೆ ನಿಲ್ಲಿಸಿದ. ಆಚಾರಿಗೆ ತಲೆ ಕೆಟ್ಟಿದೆ ಅಂದ್ರು ಜನ. ಮಂಚಮ್ಮ ಜಗಲಿ ಮೇಲಿಂದ ಎಲ್ಲಾನೂ ನೋಡ್ತಿದ್ಲು. ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಎಂಜಿನ್ನಿಗೆ ಹೊಂಗೆಎಣ್ಣೆ ಸುರಿದ. ದಿನಾ ಬೆಳಗ್ಗೆ ಹ್ಯಾಂಡಲ್ ಹಾಕಿ ಒಂದೇ ಒಂದು ಸಲ ತಿರುವಿ ನೋಡೋನು. ಬರಲಿಲ್ಲ ಅಂದ್ರೆ ಬಲವಂತ ಮಾಡ್ತಿರಲಿಲ್ಲ, “ಆಯ್ತಮ್ಮ, ನಾಳೆ” ಅಂತ ಅದಕ್ಕೇ ಹೇಳಿ ಬರೋನು. ಒಂದೂಕಾಲು ತಿಂಗಳಿಗೆ ಅದು ಮಿಸುಕ್ತು. ನೀರು ಸೋರೋ ರೇಡಿಯೇಟರಿಗೆ ಮಂಚಮ್ಮ ಅಡಿಗೆಮನೆಯಿಂದ ಅರಿಶಿನ ತರಿಸಿ ಹಾಕಿಸಿದ್ಲು, ತೂತು ಕಟ್ಕೊಂತು. ಗಾಡಿ ಮೊದಲ್ನೇ ಸಲ ಗುಡುಗಿದಾಗ ಹದಿನಾರು ಊರಿನ ನಾಯಿ ಒಟ್ಟಿಗೆ ಬೊಗಳಿದ್ವು ಅಂತಾರೆ. ಇರಲಿ, ನಾಲ್ಕೂರಿಂದಾದ್ರೂ ಬೊಗಳಿರ್ತವೆ.

ಓಡಿಸೋದನ್ನ ಬುಡೇನ್ ಸಾಬರು ಕಲಿಸಿದ್ರು. ಕಷ್ಟ ಇದ್ದದ್ದು ಅದಲ್ಲ. ಗಣಿ ಕಲ್ಲು ಹೊರೋಕೆ ಅಂತ ಕಟ್ಟಿದ ಗಾಡಿ ಅದು. ಹಿಂದಿನ ಅಚ್ಚಿನ ಮೇಲೆ ಭಾರ ತಡೆಯೋ ಉಕ್ಕಿನ ಕಮಾನುಪಟ್ಟಿ ಒಂಬತ್ತು, ಒಂದರ ಮೇಲೊಂದು, ಬಗ್ಗು ಅಂದ್ರೆ ಬಗ್ಗಲ್ಲ. ಕಲ್ಲಿಗೇನು, ಕುಲುಕಿದ್ರೂ ಕಲ್ಲೇ. ಮೋನಾಚಾರಿ ಒಂದೊಂದೇ ಪಟ್ಟಿ ಬಿಚ್ಚಿದ, ಕುಲುಮೇಲಿ ಕಾಯಿಸಿ ತೆಳ್ಳಗೆ ತಟ್ಟಿ, ಹದ ಮಾಡಿ, ಐದೇ ಐದು ಹಾಕಿದ. ಸಂದಿಗೆ ಹಳೇ ಟೈರಿನ ರಬ್ಬರು ಕೊಟ್ಟ. ತೊಟ್ಟೀಲಿ ಮಂಚಾನ ಇಡಲಿಲ್ಲ, ನಾಲ್ಕು ಮೂಲೆಗೂ ಹಗ್ಗ ಬಿಗಿದು ತೊಟ್ಟಿಲಂಗೆ ತೂಗುಬಿಟ್ಟ. ಆಮೇಲೆ ಒಂದು ಬಿಂದಿಗೆ ತುಂಬ ನೀರು ತುಂಬಿ ಮಂಚದ ಮೇಲಿಟ್ಟು ಹೊರಟ. ಇದು ಚೆಲ್ಲದಿದ್ರೆ ಮಂಚಿ ನೋಯಲ್ಲ ಅನ್ನೋದು ಅವನ ಲೆಕ್ಕ. ಬಂಡೆ ಇಳಿಜಾರಿಗೆ ಹೋಗಿ ಬಂದ. ಬಿಂದಿಗೆ ಖಾಲಿ. ಪಟ್ಟಿ ಬಿಚ್ಚಿದ, ಮತ್ತೆ ತಟ್ಟಿದ, ಮತ್ತೆ ಹೋದ. ಖಾಲಿ. ಹತ್ತು ಸಲ ಹೋದ್ರೆ ಹತ್ತು ಸಲಾನೂ ಖಾಲಿ ಬಿಂದಿಗೆ.

ಕೊನೆಗೆ ಮಂಚಮ್ಮನಿಗೇ ತಡೀಲಿಲ್ಲ. “ನೋಡಿ, ಇಪ್ಪತ್ತು ವರ್ಷ ಆ ಬಾವಿಯಿಂದ ನೀರು ಹೊತ್ತೆ. ಚೆಲ್ಲಿದ್ನಾ? ನನ್ನ ಸೊಂಟಕ್ಕೇನು ಕಮಾನುಪಟ್ಟಿ ಹಾಕಿಸಿದ್ರಾ? ನೀವು ಬರೀ ಗಾಡಿ ನೋಡ್ತೀರ. ಎಲ್ಲಿ ತಗ್ಗು, ಎಲ್ಲಿ ಕಲ್ಲು ಅಂತ ಹೊರೋರ ಕತ್ತಿಗೆ ಗೊತ್ತಿರಬೇಕು” ಅಂದ್ಲು.

ಮಾರನೇ ಬೆಳಗ್ಗೆ ಮೋನಾಚಾರಿ ಏನು ಮಾಡಿದ ಗೊತ್ತಾ? ಹೆಂಡತಿಯ ಸಿಂಬೆ ತಲೆ ಮೇಲಿಟ್ಕೊಂಡ, ಅದರ ಮೇಲೆ ತುಂಬಿದ ಬಿಂದಿಗೆ ಇಟ್ಕೊಂಡ, ತೊರೆಮಾವಿನಳ್ಳಿ ದಾರಿ ಹಿಡಿದ. ಮೀಸೆ ಹೊತ್ತ ಗಂಡಸು ತಲೆ ಮೇಲೆ ನೀರು ಹೊರೋದಾ! ಬಾವಿಕಟ್ಟೆ ಹೆಂಗಸರು ಸೆರಗು ಬಾಯಿಗೆ ತುರುಕ್ಕೊಂಡು ನಕ್ಕಿದ್ದೇ ನಕ್ಕಿದ್ದು. “ಏನ್ ಆಚಾರಪ್ಪ, ಯಾವೂರಿಗೆ ಸೊಸೆಯಾಗಿ ಹೊರಟ್ರಿ?” ಅಂತ ಕೂಗಿದೋಳು ಬೇರೆ ಯಾರಲ್ಲ, ನಮ್ಮಜ್ಜಿ ಸಾಕಮ್ಮನೇ. ಅವನು ತಿರುಗಿ ನೋಡಲಿಲ್ಲ. ನೋಡಿದ್ರೆ ಚೆಲ್ಲುತ್ತಲ್ಲ.

ಮೊದಲ ದಿನ ತಲೆಯಿಂದ ಕಾಲಿನ ತನಕ ನೆಂದ. ಎರಡ್ನೇ ದಿನಾನೂ ಅಷ್ಟೇ. ಹೋಗ್ತಾ ಬಿಂದಿಗೆ, ಬರ್ತಾ ಹಾರೆ. ಕತ್ತಿಗೆ ಎಲ್ಲಿ ಏಟು ಬಿತ್ತೋ ಅಲ್ಲಿನ ಕಲ್ಲು ಮೀಟಿ ತೆಗೆದ, ತಗ್ಗಿಗೆ ಮಣ್ಣು ಕೊಟ್ಟ. ಮೀಟೋಕಾಗದ ಬಂಡೆಗಳನ್ನ ನೆನಪಿಟ್ಕೊಂಡ. ತೊರೆಮಾವಿನಳ್ಳಿ ಬಾವಿ ತನಕ ಹೋಗಿ ಉಳಿದ ನೀರು ಅಲ್ಲಿ ಸುರಿಯೋನು. ನಾಲ್ಕು ಹೆಜ್ಜೆ ಇಟ್ಟಿದ್ರೆ ಅತ್ತೆ ಮನೆ. ಹೋಗ್ತಿರಲಿಲ್ಲ, ಮುಖ ಇರಲಿಲ್ಲ ಅವನಿಗೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಹಿಂಗೇ ನಡೆದ. ಚೆಲ್ಲೋದು ದಿನಕ್ಕಿಷ್ಟು ಕಮ್ಮಿಯಾಗ್ತಾ ಬಂತು. ಬಾವಿಕಟ್ಟೇಲಿ ನಗು ನಿಂತೋಯ್ತು. ಆಮೇಲೆ ಹೆಂಗಸರೇ ಬಿಂದಿಗೆ ತುಂಬಿ ಅವನ ತಲೆ ಮೇಲೆ ಎತ್ತಿ ಇಡೋರು.

ಒಂದು ಮುಂಜಾನೆ ಮಂಚಮ್ಮನ್ನ ಮಲಗಿಸಿ, ಪಕ್ಕದಲ್ಲಿ ತುಂಬಿದ ಬಿಂದಿಗೆ ಇಟ್ಟು, ಹಿಡ್ಕೊಳ್ಳೋಕೆ ಸಾಕಮ್ಮನ್ನ ಕೂರಿಸಿ ಗಾಡಿ ಹೊರಡ್ತು. ಮುಂದಿಂದು ನಮ್ಮಜ್ಜಿ ಕಣ್ಣಾರೆ ಕಂಡದ್ದು, ಇಲ್ಲಿ ಅಂತೆಕಂತೆ ಇಲ್ಲ. ಗಾಡಿ ಹರಿಗೋಲು ತೇಲಿದಂಗೆ ಹೋಯ್ತಂತೆ. ಬಂಡೆ ಇಳಿಜಾರು ಬಂತು. ಮೋನಾಚಾರಿ ಗಾಡಿ ನಿಲ್ಲಿಸಿ ಇಳಿದ. ನಾಲ್ಕು ಚಕ್ರದ ನಟ್ಟುಗಳನ್ನೂ ಕೈಯಲ್ಲಿ ಮುಟ್ಟಿ ಮುಟ್ಟಿ ನೋಡಿದ. ಗಾಡಿ ಹತ್ತಲಿಲ್ಲ, ಮತ್ತೆ ಮೊದಲ್ನೇ ಚಕ್ರದಿಂದ ಮುಟ್ಟಿ ನೋಡೋಕೆ ಶುರು ಮಾಡಿದ.

“ಏನ್ರೀ, ತವರಿಗೆ ಕರ್ಕೊಂಡು ಹೋಗ್ತೀರೋ, ಇಲ್ಲೇ ಇನ್ನೊಂದು ಕುಲುಮೆ ಹೂಡ್ತೀರೋ?” ಅಂದ್ಲು ಮಂಚಮ್ಮ.

ಹತ್ತಿದ. ಅರ್ಧ ಇಳಿಜಾರು ಇಳಿದಿತ್ತು. ಹಿಂದಿನ ದಿನದ ಮಳೆಗೆ ಉರುಳಿ ಬಂದಿದ್ದ ಒಂದು ಕಲ್ಲು, ಅವನ ಕತ್ತಿಗೆ ಗೊತ್ತಿಲ್ಲದ್ದು, ಚಕ್ರಕ್ಕೆ ಸಿಕ್ತು. ಗಾಡಿ ಎಗರ್ತು. ಬಿಂದಿಗೆ ವಾಲಿ ಮುಕ್ಕಾಲು ನೀರು ಮಂಚಮ್ಮನ ಮೈಮೇಲೆ. ಆಕೆ ಸಾಕಮ್ಮನ ಮುಂಗೈ ಹಿಡಿದ ಬಿಗಿಗೆ ಬಳೆ ಚೂರು ಚೂರಾದ್ವು. ತುಟಿ ಕಚ್ಚಿ ರಕ್ತ ಬಂತು. ಬಾಯಿಂದ ಒಂದು ಉಸಿರೂ ಹೊರಡಲಿಲ್ಲ.

“ಮಂಚೀ, ನೀರು?” ಅಂತ ಮುಂದಿಂದ ಕೇಳಿದ.

“ಒಂದು ಹನೀನೂ ಚೆಲ್ಲಿಲ್ಲ. ನೀವು ಹೊಡೀರಿ” ಅಂದ್ಲು.

ತವರಮನೆ ಮುಂದೆ ಗಾಡಿ ನಿಂತಾಗ ಅವನೇ ಎರಡು ಕೈಯಲ್ಲಿ ಆಕೆನ ಎತ್ಕೊಂಡ. ಸೀರೆ ತೊಪ್ಪೆಯಾಗಿ ನೀರು ಅವನ ಮೊಣಕೈಯಿಂದ ತೊಟ್ಟಿಕ್ತಿತ್ತು. ಹಂಗೇ ಒಳಗೆ ಹೋಗಿ ಅತ್ತೆಯ ಪಕ್ಕ ಮಲಗಿಸಿದ. ಮುದುಕಿ ಮಗಳ ಮುಖ ಸವರಿದ್ಲು, ಕೆನ್ನೆ, ಹಣೆ, ಮೂಗಿನ ಬೊಟ್ಟು. ಹೆಗಲಿಗೆ ಕೈ ಬಂದಾಗ ಕೇಳಿದ್ಲು: “ಯಾಕವ್ವಾ ಇಷ್ಟು ನೆಂದಿದ್ದೀಯ? ದಾರೀಲಿ ಮಳೆನಾ?”

“ಹೂಂ ಕಣವ್ವಾ, ಮಳೆ” ಅಂದ್ಲು ಮಂಚಮ್ಮ.

ಹೊರಗೆ ಸುಡು ಸುಡು ಬಿಸಿಲು. ಮೋನಾಚಾರಿ ಜಗಲಿಗೆ ಬಂದು ಟವೆಲ್ ಮುಖಕ್ಕೆ ಹಾಕ್ಕೊಂಡು ಗೋಳೋ ಅಂತ ಅತ್ತನಂತೆ. ಅತ್ತು ಹಗುರಾಗಿ, ಎದ್ದು, ಉಡಿದಾರದಿಂದ ಆ ಕಡಾಣಿ ಬಿಚ್ಚಿ ಬಾವಿಗೆ ಹಾಕಿದ.

ಮೋನಾಚಾರಿ ಗಾಡೀಲಿ ಹನಿ ನೀರೂ ಚೆಲ್ಲಲಿಲ್ಲ ಅಂತ ಸುತ್ತೂರೆಲ್ಲ ಹೇಳ್ತಾರೆ. ಹೇಳ್ಲಿ ಬಿಡಿ. ಇವತ್ತಿಗೂ ನಮ್ಮೂರಲ್ಲಿ ಗಂಡಾಗಲಿ ಹೆಣ್ಣಾಗಲಿ, ಗಾಡಿ ಹೊಡೆಯೋಕೆ ಕಲಿಯೋರು ಮೊದಲು ತಲೆ ಮೇಲೆ ತುಂಬಿದ ಬಿಂದಿಗೆ ಹೊತ್ತು ಬಂಡೆ ಇಳಿಜಾರು ಇಳೀಬೇಕು. ಕೆಳಗೆ ಊರಿನ ಹಿರೀ ಹೆಂಗಸು ಕಾದು ನಿಂತಿರ್ತಾಳೆ. ಈಗ ಆ ಕೆಲಸ ನಂದು. ಬರೋರೆಲ್ಲ ತೊಯ್ದು ತೊಪ್ಪೆಯಾಗಿ, ತಪ್ಪು ಮಾಡ್ದೋರಂಗೆ ತಲೆ ತಗ್ಗಿಸ್ಕೊಂಡೇ ಬರ್ತಾರೆ. ಹೋದ ವರ್ಷ ಒಬ್ಬನ ಬಿಂದಿಗೇಲಿ ತಳ ಕಾಣ್ತಿತ್ತು. ನಾನು ಬಗ್ಗಿ ನೋಡಿದೆ, ಅವನ ಬೆನ್ನು ಸವರಿದೆ, ಹೇಳಬೇಕಾದ್ದು ಹೇಳಿದೆ.

“ಒಂದು ಹನೀನೂ ಚೆಲ್ಲಿಲ್ಲ ಕಣಪ್ಪ. ನೀನು ಹೊಡಿ.”