ಹಿತ್ತಿಲ ಗೋಡೆಯವರೆಗೆ

ಆಂಬುಲೆನ್ಸಿಗೆ ದಾರಿ ತೋರಿಸುತ್ತಿದ್ದ ಮೊಬೈಲಿಗೆ ತನ್ನ ಲೆಕ್ಕದ ಮೇಲೆ ಬಲು ಅಭಿಮಾನ. ಒಮ್ಮೆ ಎದೆನೋವಿನಿಂದ ಕುಸಿದುಬಿದ್ದ ನೀಲವ್ವನ ಮನೆಗೆ ಹೊರಟ ಗಾಡಿಯನ್ನು ಅದು ಎತ್ತರದ ಹಿತ್ತಿಲ ಗೋಡೆಯೊಂದರ ಎದುರು ನಿಲ್ಲಿಸಿ, "ತಲುಪಿದ್ದೇವೆ" ಎಂದಿತು.

"ನೀಲವ್ವ ಎಲ್ಲಿ?" ಎಂದು ಸ್ಟ್ರೆಚರ್ ಕೇಳಿತು.

"ಗೋಡೆಯ ಆಚೆಗೇ ಇದ್ದಾರೆ. ನನ್ನ ಲೆಕ್ಕದಲ್ಲಿ ಇದು ತಲುಪಿದ ಹಾಗೆಯೇ."

"ಬಾಗಿಲು?"

"ಬಾಗಿಲು ಹುಡುಕುವುದು ನನ್ನ ಕೆಲಸವಲ್ಲ."

ಸ್ಟ್ರೆಚರ್ ಬೀದಿ ಬಳಸಿಕೊಂಡು ಓಡಿತು. ಏದುಸಿರು ಬಿಡುತ್ತಿದ್ದ ನೀಲವ್ವನನ್ನು ಅದು ಹೊತ್ತು ತರುವಷ್ಟರಲ್ಲಿ ಮೊಬೈಲಿನ ಚಾರ್ಜು ಮುಗಿಯುತ್ತ ಬಂದಿತ್ತು.

"ಬೇಗ ಬಾ, ನನ್ನ ಜೀವ ಹೋಗುತ್ತಿದೆ" ಎಂದು ಅದು ಚಾರ್ಜರನ್ನು ಕರೆಯಿತು.

ಗಾಡಿಯಲ್ಲೇ ಇದ್ದು ಎಲ್ಲವನ್ನೂ ಕೇಳಿಸಿಕೊಂಡಿದ್ದ ಚಾರ್ಜರ್ ಸರಸರನೆ ಬಂದು ಗೇಣು ದೂರದಲ್ಲಿ ನಿಂತುಕೊಂಡಿತು.

"ಅಣ್ಣಾ, ನಿನ್ನ ಲೆಕ್ಕದಲ್ಲಿ ತಲುಪಿದ್ದೇನೆ."