ಗಸಗಸೆ ಪಾಯಸದ ಎಡೆ

ಮಹಾಲಯ ಅಮಾವಾಸ್ಯೆಯ ಮರುದಿನ ಕೆಂಪರಾಜ ಹೊಳೆಯ ದಂಡೆಯ ಆಶ್ರಮಕ್ಕೆ ಬಂದ. ಅವನು ಬರೆಯಲು ಕಲಿತದ್ದು ಅಲ್ಲಿ. ಅವನ ಮೊದಲ ಕಾದಂಬರಿ ಹಿಂದಿನ ವರ್ಷ ಅಚ್ಚಾಗಿತ್ತು. ಅದು ಅವನ ತಾಯಿಯ ಕಥೆ.

ಗುರುಗಳು ಮೆಟ್ಟಿಲ ಮೇಲೆ ನಿಂತು ಒಗೆದ ಪಂಚೆಯನ್ನು ಹಿಂಡುತ್ತಿದ್ದರು.

"ಪುಸ್ತಕಕ್ಕೆ ಬಹುಮಾನ ಬಂತೆಂದು ಕೇಳಿದೆ. ಮುಖ ನೋಡಿದರೆ ದಂಡ ಬಿದ್ದವನ ಹಾಗಿದ್ದೀಯೆ."

"ತಂಗಿ ನನ್ನೊಡನೆ ಮಾತು ಬಿಟ್ಟಿದ್ದಾಳೆ, ಗುರುಗಳೇ."

"ಏನು ಮಾಡಿದೆ?"

"ಅವ್ವ ತೀರಿಕೊಂಡಾಗ ಮಾದೇವಿ ತೊಟ್ಟಿಲ ಕೂಸು. ಅಪ್ಪನೂ ಈಗಿಲ್ಲ. ಮನೆಯಲ್ಲಿ ಅವ್ವನ ನೆನಪಿರುವುದು ನನಗೊಬ್ಬನಿಗೇ. ಪಕ್ಷದ ದಿನ, ತೀರಿಹೋದವರಿಗೆ ಇಷ್ಟವಾದದ್ದನ್ನು ಬಾಳೆಲೆಯಲ್ಲಿ ಬಡಿಸಿ ಎಡೆ ಇಡುವುದು ನಮ್ಮ ಪದ್ಧತಿ. ಈ ಸಲ ತಾನೇ ಅಡುಗೆ ಮಾಡುತ್ತೇನೆಂದಳು. 'ಅವ್ವನಿಗೆ ಗಸಗಸೆ ಪಾಯಸ ಇಷ್ಟ ಅಂತ ಪುಸ್ತಕದಲ್ಲಿದೆಯಲ್ಲ, ನಿಜವಾ ಅಣ್ಣ?' ಎಂದು ಕೇಳಿದಳು. ನಿಜ ಎಂದೆ."

"ಆಮೇಲೆ?"

"ಎಡೆಯ ಮುಂದೆ ಸೋದರತ್ತೆ ನಕ್ಕುಬಿಟ್ಟರು. 'ನಿಮ್ಮವ್ವನಿಗಾ? ಗಸಗಸೆ ಹುರಿಯೋ ವಾಸನೆ ಬಂದರೆ ಸಾಕು, ಮೂಗಿಗೆ ಸೆರಗು ಹಿಡಿದು ಹಿತ್ತಲಿಗೆ ಓಡುತ್ತಿದ್ದಳು ಕಣೋ' ಎಂದರು."

"ಮಾದೇವಿ?"

"ಎಲೆಯ ಮುಂದಿನಿಂದ ಏಳಲಿಲ್ಲ. 'ಅಣ್ಣ, ನಾನು ಎಡೆ ಇಟ್ಟದ್ದು ಯಾರ ಅವ್ವನಿಗೆ?' ಎಂದಳು. ಅದೇ ಕೊನೆಯ ಮಾತು."

ಗುರುಗಳು ಪಂಚೆಯನ್ನು ಕೊಡವಿ ಹಗ್ಗದ ಮೇಲೆ ಹರವಿದರು.

"ಕಾದಂಬರಿಗೆ ಆ ಪಾಯಸ ಹೇಗೆ ಬಂತು?"

"ಕೊನೆಯ ಅಧ್ಯಾಯದಲ್ಲಿ ತಾಯಿ ನಿದ್ದೆ ಹೋಗಬೇಕಿತ್ತು. ಗಸಗಸೆ ನಿದ್ದೆ ತರುತ್ತದೆ."

"ತಂಗಿಗೆ ನಿಜವೆಂದಾಗ, ಅದು ನೀನು ಕಟ್ಟಿದ್ದೆಂದು ಗೊತ್ತಿತ್ತೆ?"

"ಇಲ್ಲ. ಅವ್ವ ಲೋಟ ಎತ್ತಿ ಕುಡಿಯುವುದು ನನಗೆ ಕಣ್ಣಾರೆ ಕಾಣುತ್ತಿತ್ತು. ಈಗಲೂ ಕಾಣುತ್ತದೆ."

"ಅವಳ ಬಗ್ಗೆ ಬೇರೇನಾದರೂ ಹೇಳು."

ಕೆಂಪರಾಜ ಕಣ್ಣು ಮುಚ್ಚಿದ. "ಸಂಜೆ ಅವ್ವ ಹೊಸ್ತಿಲ ಮೇಲೆ ಕುಳಿತು ತಲೆ ಬಾಚಿಕೊಳ್ಳುತ್ತಿದ್ದಳು..."

"'ಬಾಚಣಿಗೆ ಇಳಿದಷ್ಟೂ ಬೆಳಕು ಕಡಿಮೆಯಾಗುತ್ತಿತ್ತು,'" ಎಂದು ಗುರುಗಳು ಮುಗಿಸಿದರು. "ಮೂರನೆಯ ಅಧ್ಯಾಯ. ಬೇರೆ ಹೇಳು."

"ನನ್ನನ್ನು ಊಟಕ್ಕೆ ಕರೆಯುವಾಗ ಅವಳ ದನಿ..."

"'ಅರ್ಧ ಬೈಗುಳ, ಅರ್ಧ ಬೇಡಿಕೆ.' ಚೆನ್ನಾಗಿ ಬರೆದಿದ್ದೀಯೆ. ಬೇರೆ."

ಅವನು ಬಾಯಿ ತೆರೆದ. ನಾಲಿಗೆಗೆ ಬಂದದ್ದೂ ಪುಸ್ತಕದ ಒಂದು ವಾಕ್ಯವೇ. ಅದು ಎಲ್ಲಿ ಮುಗಿಯುತ್ತದೆಂದು ಅವನಿಗೆ ತಿಳಿದಿತ್ತು. ಬಾಯಿ ಮುಚ್ಚಿದ.

ಹಗ್ಗದ ಮೇಲಿನ ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮರುಮುದ್ರಣ ಆಗಲಿದೆ," ಎಂದ ಕೆಂಪರಾಜ. "ಪಾಯಸವನ್ನು ತೆಗೆದುಬಿಡುತ್ತೇನೆ."

"ತೆಗೆದು ಅಲ್ಲಿ ಏನಿಡುತ್ತೀಯೆ?"

ಕೆಂಪರಾಜ ಮೆಟ್ಟಿಲ ಮೇಲೆ ಕುಳಿತುಕೊಂಡ.

"ಸೋದರತ್ತೆಯನ್ನು ಕೇಳಿದೆಯಾ?"

"ಕೇಳಿದೆ. ಅವ್ವ ಬೇಡವೆಂದದ್ದು ಅವರಿಗೆ ನೆನಪಿದೆ. ಬೇಕೆಂದು ಏನನ್ನಾದರೂ ಕೇಳಿದ್ದು ನೆನಪಿಲ್ಲವಂತೆ."

"ಪುಸ್ತಕ ಬರೆಯುವ ಮೊದಲು, ಅವಳಿಗೆ ಇಷ್ಟವಾದದ್ದು ನಿನಗೆ ನೆನಪಿತ್ತೆ?"

"ಇತ್ತು. ಇದ್ದೇ ಇರಬೇಕು. ಅದು ಬಹಳ ಸಾಧಾರಣವಾದ ಪದಾರ್ಥ ಅನ್ನಿಸಿತ್ತು. ಪುಟಕ್ಕೆ ಸಾಲದೆಂದು ಬಿಟ್ಟೆ. ಬಿಟ್ಟದ್ದು ನೆನಪಿದೆ, ಗುರುಗಳೇ. ಏನನ್ನು ಎಂಬುದು ನೆನಪಿಲ್ಲ."

ಗುರುಗಳು ಪಂಚೆಯ ಅಂಚನ್ನು ಎಳೆದು ಸರಿಮಾಡಿದರು.

"ಬರುವ ವರ್ಷ ಎಡೆಗೆ ಏನು ಮಾಡಿಸಲಿ? ತಾವೇ ಹೇಳಿ."

"ಮಾದೇವಿಯನ್ನು ಕೇಳು."

"ಅವಳಿಗೆ ಅವ್ವನ ನೆನಪೇ ಇಲ್ಲವಲ್ಲ."

"ನಿನಗೆ ಇತ್ತು. ಆದರೂ ಎಡೆಗೆ ಬಂದದ್ದು ಗಸಗಸೆ ಪಾಯಸ."