ಸೊನ್ನೆಯ ಮೇಲೆ ನಿಂತ ಮುಳ್ಳು

ಕಡಲ ದಂಡೆಯ ಒಂದು ಊರಿನಲ್ಲಿ ಆನಂದ ಮರಕಾಲ ಎಂಬವನಿದ್ದ. ಮೀನುಗಾರರ ಸಂಘದ ವೈರ್‌ಲೆಸ್ ಕೋಣೆ ಅವನ ಕೈಯಲ್ಲಿತ್ತು. ಗಾಳಿ ಎದ್ದರೆ, ಕಡಲು ಕೆಟ್ಟರೆ, ದೂರದ ಬೋಟುಗಳಿಗೆ ಸುದ್ದಿ ಮುಟ್ಟಿಸುವುದು ಅವನ ಕೆಲಸ. ಕೆಲಸದಲ್ಲಿ ಗಟ್ಟಿಗ, ಅದರಲ್ಲಿ ಸುಳ್ಳಿಲ್ಲ. ಆದರೆ ಎದುರು ಮಾತು ಎಂದರೆ ಅವನಿಗೆ ಆಗದು. ಸಾರಿಗೆ ಉಪ್ಪು ಕಡಿಮೆ ಎಂದು ಅವನು ಹೇಳಿದರೆ, ಉಪ್ಪು ಸರಿಯಾಗಿದ್ದರೂ ಹೆಂಡತಿ ತುಟಿ ಬಿಚ್ಚದೆ ಇನ್ನೊಂದು ಚಿಟಿಕೆ ಹಾಕುತ್ತಿದ್ದಳು. ಕೋಣೆಯಲ್ಲಿ ಅವನ ಜೊತೆ ಕೆಲಸ ಮಾಡುವ ಗುಲಾಬಿಯೂ ಹಾಗೆಯೇ, ಹೂಂ ಎನ್ನುವುದು ಬಿಟ್ಟು ಬೇರೆ ಮಾತು ಆಡಿದ್ದು ಕಡಿಮೆ. ಇದನ್ನೆಲ್ಲ ಆನಂದ ಮರ್ಯಾದೆ ಎಂದು ತಿಳಿದಿದ್ದ, ಪಾಪ.

ಮಕ್ಕಳೇ, ವೈರ್‌ಲೆಸ್ಸಿನ ಒಂದು ಗುಟ್ಟು ಹೇಳುತ್ತೇನೆ. ಸೆಟ್ಟು ನಮ್ಮ ಮಾತನ್ನು ವಿದ್ಯುತ್ತಾಗಿ ಮಾಡಿ ಕೇಬಲ್ಲಿನಲ್ಲಿ ಕಳಿಸುತ್ತದೆ. ಕಂಬದ ತುದಿಯ ಆಂಟೆನಾ ಅದನ್ನು ತೆಗೆದುಕೊಂಡು ಆಕಾಶಕ್ಕೆ ಬಿಡುತ್ತದೆ. ಸೆಟ್ಟಿಗೂ ಆಂಟೆನಾಕ್ಕೂ ಹೊಂದಿಕೆಯಾದರೆ ಕಳಿಸಿದ್ದೆಲ್ಲ ಹೊರಗೆ ಹೋಗುತ್ತದೆ. ಹೊಂದದಿದ್ದರೆ ಒಂದಷ್ಟು ಹಿಂದಕ್ಕೆ ಬಂದು ಸೆಟ್ಟನ್ನೇ ಬಿಸಿ ಮಾಡುತ್ತದೆ. ಹಿಂದೆ ಬಂದದ್ದು ಎಷ್ಟು ಎಂದು ತೋರಿಸಲು ಮೇಜಿನ ಮೇಲೆ ಒಂದು ಮೀಟರು ಇರುತ್ತದೆ. ಆನಂದನ ಮೀಟರಿನ ಮುಳ್ಳು ಯಾವಾಗಲೂ ಸೊನ್ನೆಗಿಂತ ಸ್ವಲ್ಪ ಮೇಲೆಯೇ ನಿಲ್ಲುತ್ತಿತ್ತು. ಅಷ್ಟಿದ್ದರೆ ಏನೂ ತೊಂದರೆಯಿಲ್ಲ. ಆದರೆ ಅವನಿಗೆ ಅದೂ ಎದುರು ಮಾತಿನ ಹಾಗೆ ಕಾಣುತ್ತಿತ್ತು. ಆಂಟೆನಾದ ಕಡ್ಡಿಯನ್ನು ಕೂದಲೆಳೆಯಷ್ಟು ಉದ್ದ ಮಾಡಿ, ಗಿಡ್ಡ ಮಾಡಿ, ವರ್ಷಗಟ್ಟಲೆ ಹೆಣಗಿದ್ದ.

ಮಳೆಗಾಲ ಕಳೆದು ಬೋಟುಗಳು ಮತ್ತೆ ಕಡಲಿಗೆ ಇಳಿದ ಹೊಸತು. ಒಂದು ಬೆಳಿಗ್ಗೆ ನೋಡುತ್ತಾನೆ, ಮುಳ್ಳು ಸೊನ್ನೆಯ ಮೇಲೆ ನಿಂತಿದೆ! ಮೈಕಿನ ಗುಂಡಿ ಒತ್ತಿದರೂ ಏಳುವುದಿಲ್ಲ. ಆನಂದನ ಹಿಗ್ಗು ಹೇಳತೀರದು. ಸಂಘದವರಿಗೆಲ್ಲ ಬಿಸಿಬಿಸಿ ಗೋಳಿಬಜೆ ತರಿಸಿ ಹಂಚಿದ. ಇನ್ನು ನನ್ನ ಒಂದು ಮಾತೂ ಪೋಲಾಗುವುದಿಲ್ಲ ಎಂದು ಬಂದವರಿಗೆಲ್ಲ ಮುಳ್ಳು ತೋರಿಸಿದ್ದೇ ತೋರಿಸಿದ್ದು.

ಎರಡು ದಿನ ಕಳೆದಿರಬೇಕು, ಬಿರುಗಾಳಿಯ ಸುದ್ದಿ ಬಂತು. ಆನಂದ ಮೈಕು ಹಿಡಿದು ಎಲ್ಲ ಬೋಟುಗಳನ್ನೂ ಕರೆದ, ಕೂಡಲೇ ದಡಕ್ಕೆ ತಿರುಗಿ ಎಂದ. ಮತ್ತೆ ಮತ್ತೆ ಹೇಳಿದ. ಉತ್ತರ ಬರಲಿಲ್ಲ. ಬಲೆ ಎಳೆಯುವ ಗಡಿಬಿಡಿಯಲ್ಲಿ ಯಾರಿಗೆ ಪುರುಸೊತ್ತು ಎಂದುಕೊಂಡ. ಹತ್ತಿರದ ಬೋಟುಗಳು ಮೋಡ ನೋಡಿಯೇ ಬಂದು ಸೇರಿದವು. ದೂರ ಹೋಗಿದ್ದ ಹೆರಿಯನ ಬೋಟು ಮಾತ್ರ ಬರಲಿಲ್ಲ. ಹೆರಿಯ ಬೇರೆ ಯಾರೂ ಅಲ್ಲ, ಆನಂದನ ಹೆಂಡತಿಯ ತಮ್ಮ. ಅವನ ಜೊತೆ ಇನ್ನೂ ಏಳು ಜನರಿದ್ದರು.

ಸಂಘದ ಅಧ್ಯಕ್ಷರು ಓಡಿ ಬಂದರು. ದೊಡ್ಡ ಬೋಟೊಂದು ಸಿದ್ಧವಿದೆ, ಗಾಳಿ ಜೋರಾಗುವ ಮೊದಲು ಹುಡುಕಲು ಕಳಿಸೋಣವೇ, ಅಥವಾ ಹೆರಿಯನಿಗೆ ಸುದ್ದಿ ಮುಟ್ಟಿದೆಯೇ ಎಂದು ಕೇಳಿದರು. ಆನಂದ ಮೀಟರಿನ ಕಡೆ ಬೆರಳು ಮಾಡಿದ.

"ನೋಡಿ, ಒಂದು ಚೂರೂ ಹಿಂದೆ ಬರಲಿಲ್ಲ. ಹೇಳಿದ್ದೆಲ್ಲ ಮುಟ್ಟಿದೆ. ಅವ ಬರ್ತಾ ಇದ್ದಾನೆ."

ಅಧ್ಯಕ್ಷರು ಗುಲಾಬಿಯ ಮುಖ ನೋಡಿದರು. ಆಕೆ ತಲೆ ತಗ್ಗಿಸಿದಳು. ಬೋಟು ಹೊರಡಲಿಲ್ಲ. ಅಷ್ಟು ಜನರ ಜೀವವನ್ನು ಒಂದು ಮುಳ್ಳಿನ ಮೇಲೆ ಇಟ್ಟುಬಿಟ್ಟನಲ್ಲ!

ಸಂಜೆಯ ಹೊತ್ತಿಗೆ ಬೇರೆ ಊರಿನ ಬೋಟೊಂದು ಹೆರಿಯನ ಬೋಟನ್ನು ಹಗ್ಗ ಕಟ್ಟಿ ಎಳೆದು ತಂದಿತು. ಮೇಲಿನ ಕೋಣೆಯ ಚಾವಣಿ ಕಿತ್ತು ಹೋಗಿತ್ತು. ಒಬ್ಬನ ಕಾಲು ಮುರಿದಿತ್ತು. ಎಲ್ಲರೂ ಉಸಿರಾಡುತ್ತಿದ್ದರು, ಅದೇ ದೊಡ್ಡದು. ಆನಂದ ಓಡಿ ಹೋಗಿ ಹೆರಿಯನ ಕೈ ಹಿಡಿದ. ಹೆರಿಯ ಕೈ ಬಿಡಿಸಿಕೊಂಡ.

"ಭಾವ, ನೀವು ಎಂತಕ್ಕೆ ನಮ್ಮನ್ನು ಕರೀಲಿಲ್ಲ?"

ಆನಂದನಿಗೆ ಸಿಡಿಲು ಬಡಿದ ಹಾಗಾಯಿತು. ಕರೆಯಲಿಲ್ಲವೇ? ಗಂಟಲು ಹರಿಯುವಷ್ಟು ಕರೆದಿದ್ದನಲ್ಲ! ಹೆರಿಯನ ಸೆಟ್ಟು ಕೆಟ್ಟಿತ್ತೇ ಎಂದರೆ ಅದೂ ಇಲ್ಲ. ಅದೇ ಸೆಟ್ಟಿನಿಂದ ಹೆರಿಯ ಕೂಗಿದ್ದನ್ನು ಕೇಳಿಯೇ ಬೇರೆ ಊರಿನವರು ಕಾಪಾಡಲು ಬಂದಿದ್ದರು.

ಮರುದಿನ ಗಾಳಿ ಇಳಿದದ್ದೇ ಆನಂದ ಕಂಬ ಹತ್ತಿದ. ಆಂಟೆನಾದಿಂದ ಕೇಬಲ್ಲನ್ನು ಕಳಚಿ ತೂಗಲು ಬಿಟ್ಟ. ಗುಂಡಿ ಒತ್ತಿ ಮುಳ್ಳು ನೋಡು ಎಂದು ಕೆಳಗಿನ ಕೋಣೆಯಲ್ಲಿದ್ದ ಗುಲಾಬಿಗೆ ಕೂಗಿದ. ಈಗ ಆಂಟೆನಾವೇ ಇಲ್ಲ. ಕಳಿಸಿದ್ದೆಲ್ಲ ಹಿಂದಕ್ಕೆ ಬರಬೇಕು, ಮುಳ್ಳು ಮೇಲಕ್ಕೆ ಹಾರಬೇಕು.

"ಸೊನ್ನೆಯಲ್ಲೇ ಇದೆ, ಆನಂದಣ್ಣ," ಎಂದಳು ಗುಲಾಬಿ.

ಅವನು ಕೇಬಲ್ಲನ್ನು ಹಿಡಿದುಕೊಂಡೇ ಕೆಳಗಿಳಿಯತೊಡಗಿದ. ಇಳಿಯುತ್ತ ನೋಡಿದರೆ, ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಕೇಬಲ್ಲಿನ ಹೊದಿಕೆ ಹರಿದಿತ್ತು. ಅಲ್ಲಿ ಕತ್ತರಿಸಿದಾಗ ಉಪ್ಪುನೀರು ತೊಟ್ಟಿಕ್ಕಿತು. ಒಳಗಿನ ತಾಮ್ರ ಹಸಿರುಗಟ್ಟಿತ್ತು. ಅವನು ಕಳಿಸಿದ್ದನ್ನೆಲ್ಲ ನೆನೆದ ಕೇಬಲ್ಲೇ ದಾರಿಯಲ್ಲಿ ನುಂಗುತ್ತಿತ್ತು. ಆಂಟೆನಾಕ್ಕೇ ಮುಟ್ಟದ್ದು ಅಲ್ಲಿಂದ ಹಿಂದೆ ಬರುವುದಾದರೂ ಹೇಗೆ? ಬೋಟುಗಳಿಂದ ಬರುವ ಮಾತನ್ನೂ ಅದು ಹಾಗೆಯೇ ನುಂಗಿತ್ತು.

ಆನಂದ ಕೋಣೆಯ ಮೆಟ್ಟಿಲ ಮೇಲೆ ಕುಳಿತ. ಗುಲಾಬಿ ನೀರು ತಂದುಕೊಟ್ಟಳು. ಲೋಟ ಹಿಡಿದು, ನಿನಗೆ ಏನಾದರೂ ಅನುಮಾನ ಬಂದಿತ್ತೇ ಎಂದು ಅವನು ಮೆಲ್ಲಗೆ ಕೇಳಿದ.

"ಬಂದಿತ್ತು," ಎಂದಳು. "ಎರಡು ಮೂರು ದಿನದಿಂದ ಬೋಟಿನವರ ಸ್ವರವೇ ಕೇಳ್ತಿರಲಿಲ್ಲ. ನಿನ್ನೆ ಅಧ್ಯಕ್ಷರು ಬಂದಾಗ, ಬೋಟು ಕಳಿಸಿ ಅಂತ ಬಾಯಿಯವರೆಗೆ ಬಂದಿತ್ತು. ನಿಮ್ಮ ಎದುರು ಹೇಳುವುದು ಹೇಗೆ ಅಂತ ಹೆದರಿದೆ. ಕಾಲು ಮುರಿದದ್ದು ನನ್ನ ಅಣ್ಣನದ್ದು, ಆನಂದಣ್ಣ. ಆದರೂ ಬಾಯಿ ಬರಲಿಲ್ಲ."

ಅವಳ ಅಣ್ಣ ಆ ಬೋಟಿನಲ್ಲಿದ್ದದ್ದು ಆನಂದನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಒಡಹುಟ್ಟಿದವನ ಜೀವ ಹೋಗುವಾಗಲೂ ತನ್ನೆದುರು ಬಾಯಿ ತೆರೆಯಲು ಒಬ್ಬಳು ಹೆದರುತ್ತಾಳೆ ಎಂದರೆ! ಅವನು ಬೆಚ್ಚಿಬಿದ್ದ. ಲೋಟದ ನೀರನ್ನು ಕುಡಿಯದೆ ಕೆಳಗಿಟ್ಟ.

ನೀತಿ: ಎದುರು ಮಾತು ಬರಲಿಲ್ಲ ಎಂದ ಮಾತ್ರಕ್ಕೆ ನಾವು ಹೇಳಿದ್ದು ಮುಟ್ಟಿತು ಎಂದಲ್ಲ. ಮುಟ್ಟಿತೋ ಇಲ್ಲವೋ ಎಂದು ಕೇಳಿಸಿಕೊಳ್ಳಬೇಕಾದವರನ್ನೇ ಕೇಳಿ ತಿಳಿಯಬೇಕು. ಅವರು ಹೆದರದೆ ಉತ್ತರ ಕೊಡುವ ಹಾಗೆ ನಾವೂ ಇರಬೇಕು.